ಡಿಸ್ಕಿನ ಜಾಗ ಎಲ್ಲಿ ಹೋಯಿತು? ದೂರುವ ಮುಂಚೆ ಬೈಟ್ ಎಣಿಸಿ

ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರು ಹಳ್ಳಿ ಹಳ್ಳಿ ತಿರುಗಿ ಬೀಸುವ ಪದ, ಸೋಬಾನೆ, ಲಾವಣಿಗಳನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟವರು. ಒಟ್ಟು ಮುನ್ನೂರು ಕ್ಯಾಸೆಟ್. ಅವನ್ನು ಕಂಪ್ಯೂಟರಿಗೆ ಇಳಿಸಿ, ಹೊಸದೊಂದು ಎಕ್ಸ್‌ಟರ್ನಲ್ ಡಿಸ್ಕಿಗೆ ತುಂಬಿ, ಅಲ್ಲಿಂದ ಸಂಘದ ಕಚೇರಿಯ ಲಿನಕ್ಸ್ ಮೆಷೀನಿಗೆ ಕಾಪಿ ಮಾಡುವ ಕೆಲಸ ನನ್ನ ತಲೆಗೆ ಬಂತು. ಒಂದು ದಿನದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ, ಒಂದು ವಾರ ಹಿಡಿಯಿತು. ಆ ವಾರದಲ್ಲಿ ಆರು ಸಲ ‘ಸೈಜು ಸರಿ ಇಲ್ಲ’ ಎಂಬ ದೂರು ಎದ್ದಿತು. ಆರರಲ್ಲಿ ನಿಜವಾದ ದೋಷ ಎರಡೇ. ಮಿಕ್ಕ ನಾಲ್ಕರಲ್ಲಿ ಯಂತ್ರದ ತಪ್ಪೇನೂ ಇರಲಿಲ್ಲ. ಯಾರು ಯಾವ ಅಳತೆಯಲ್ಲಿ ಎಣಿಸುತ್ತಿದ್ದಾರೆ ಎನ್ನುವುದಷ್ಟೇ ತಿಳಿದಿರಲಿಲ್ಲ.

ಇಂಥ ದೂರು ನಿಮ್ಮ ಹತ್ತಿರ ಬಂದರೆ ಯಾವ ಕ್ರಮದಲ್ಲಿ ನೋಡುತ್ತಾ ಹೋಗಬೇಕು ಎಂದು ಬರೆದಿಟ್ಟಿದ್ದೇನೆ. ಎಲ್ಲದಕ್ಕೂ ಒಂದೇ ಮೊದಲ ಹೆಜ್ಜೆ: ಪರದೆ ಮೇಲಿನ ಜಿಬಿ, ಎಂಬಿಗಳನ್ನು ಪಕ್ಕಕ್ಕಿಟ್ಟು ಬೈಟ್ ಸಂಖ್ಯೆ ಹುಡುಕಿ. ಬೈಟ್ ಸಂಖ್ಯೆಗೆ ಎರಡು ಅರ್ಥವಿಲ್ಲ. ಅದೂ ಸುಳ್ಳಾಗುವ ಸಂದರ್ಭ ಒಂದಿದೆ, ಮುಂದೆ ಬರುತ್ತದೆ.

1 ಟಿಬಿ ಡಿಸ್ಕ್, ಪರದೆಯಲ್ಲಿ 931 ಜಿಬಿ

‘ಅಲ್ಲಪ್ಪಾ, ಒಂದು ಟಿಬಿ ಅಂತ ದುಡ್ಡು ತಗೊಂಡವ್ರೆ, ಒಳಗೆ ನೋಡಿದ್ರೆ 931. ಮಿಕ್ಕ 69 ಅಂಗಡಿಯವ್ನು ಇಟ್ಕೊಂಡ್ನಾ?’ ಮೇಷ್ಟ್ರ ಮೊದಲ ಪ್ರಶ್ನೆ ಇದು. ಹೊಸ ಡಿಸ್ಕ್ ಕೊಂಡ ಎಲ್ಲರ ಮೊದಲ ಪ್ರಶ್ನೆಯೂ ಇದೇ.

ವಿಂಡೋಸ್‌ನಲ್ಲಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆಯಿರಿ. ಕೆಪ್ಯಾಸಿಟಿ ಸಾಲಿನಲ್ಲಿ ಎರಡು ಸಂಖ್ಯೆ ಕಾಣುತ್ತವೆ. ಉದ್ದನೆಯದು ಬೈಟ್, ಗಿಡ್ಡದು ಜಿಬಿ. ರೀಜನ್ ಇಂಡಿಯಾ ಎಂದಿಟ್ಟಿದ್ದರೆ ಅಲ್ಪವಿರಾಮಗಳು ನಮ್ಮ ಲಕ್ಷ, ಕೋಟಿ ಲೆಕ್ಕದಲ್ಲೇ ಬೀಳುತ್ತವೆ, ಓದಲು ಸುಲಭ. ಒಂದು ಟಿಬಿ ಎಂದರೆ ಒಂದು ಲಕ್ಷ ಕೋಟಿ ಬೈಟ್. ಈ ಅಳತೆಯ ಡಿಸ್ಕಿನಲ್ಲಿ ಸಾಮಾನ್ಯವಾಗಿ 512 ಬೈಟಿನ 1,95,35,25,168 ಸೆಕ್ಟರ್‌ಗಳಿರುತ್ತವೆ. ಗುಣಿಸಿದರೆ 10,00,20,48,86,016. ಲಕ್ಷ ಕೋಟಿಯ ಮೇಲೆ ಇಪ್ಪತ್ತು ಕೋಟಿ ಬೈಟ್ ಹೆಚ್ಚೇ ಇದೆ. ಅಂಗಡಿಯವನು ಏನೂ ಇಟ್ಟುಕೊಂಡಿಲ್ಲ.

ಡಿಸ್ಕ್ ತಯಾರಿಸುವವರು ನೂರು ಕೋಟಿ ಬೈಟನ್ನು ಒಂದು ಜಿಬಿ ಎನ್ನುತ್ತಾರೆ. ವಿಂಡೋಸ್ 1024ನ್ನು ಮೂರು ಸಲ ಗುಣಿಸಿ ಬಂದ 107,37,41,824 ಬೈಟನ್ನು ಒಂದು ಜಿಬಿ ಎನ್ನುತ್ತದೆ. ಮೇಷ್ಟ್ರಿಗೆ ಹೀಗೆ ಹೇಳಿದೆ: ‘ಹಿಂದೆ ಕಚ್ಚಾ ಸೇರು, ಪಕ್ಕಾ ಸೇರು ಅಂತ ಇರ್ಲಿಲ್ವಾ ಸರ್? ಎರಡಕ್ಕೂ ಬಾಯಲ್ಲಿ ಸೇರು ಅಂತಲೇ ಅನ್ನೋರು. ಕಚ್ಚಾ ಸೇರಲ್ಲಿ ಅಳೆದು ಮಾರಿದ್ದನ್ನ ಮನೇಲಿ ಪಕ್ಕಾ ಸೇರಲ್ಲಿ ಅಳೆದ್ರೆ ಕಮ್ಮಿ ಬರುತ್ತೆ. ಧಾನ್ಯ ಅಷ್ಟೇ ಇರುತ್ತೆ.’ ಮುಖ ಸ್ವಲ್ಪ ತಿಳಿಯಾಯಿತು.

ಎರಡು ಅಳತೆ ಹುಟ್ಟಿದ್ದು ಮೆಮೊರಿ ಚಿಪ್ಪಿನಿಂದ. ವಿಳಾಸ ಹೇಳುವ ತಂತಿ ಹತ್ತು ಇದ್ದರೆ ತಲುಪಬಹುದಾದ ಮನೆಗಳು ಎರಡರ ಹತ್ತನೇ ಘಾತ, ಅಂದರೆ 1024. ಸಾವಿರಕ್ಕೆ ಹತ್ತಿರ ಇದೆಯಲ್ಲ ಎಂದು ಅದಕ್ಕೇ ಕಿಲೋ ಎಂದರು. ಕೆಬಿ ಕಾಲದಲ್ಲಿ ವ್ಯತ್ಯಾಸ ನೂರಕ್ಕೆ 2.4, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎಂಬಿಗೆ ಬಂದಾಗ 4.9, ಜಿಬಿಗೆ 7.4, ಟಿಬಿಗೆ ಹತ್ತಿರಹತ್ತಿರ 10. ಹಳೆಯ 1.44 ಎಂಬಿ ಫ್ಲಾಪಿಯಂತೂ ಯಾವ ಅಳತೆಗೂ ಸೇರಿದ್ದಲ್ಲ: ಅದರಲ್ಲಿ 14,74,560 ಬೈಟ್, ಅಂದರೆ 1440 ಸಲ 1024. ಒಂದು ಮೆಟ್ಟಿಲು 1024ರದು, ಮುಂದಿನದು 1000ದ್ದು.

ಗೊಂದಲ ಬಿಡಿಸಲು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 1998ರಲ್ಲಿ 1024ರ ಅಳತೆಗೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಎಂಬ ಬೇರೆ ಹೆಸರು ಕೊಟ್ಟಿತು. ಲಿನಕ್ಸ್‌ನ ಹಲವು ಕಡೆ ಜಿ ಮತ್ತು ಬಿ ನಡುವೆ ಚಿಕ್ಕದೊಂದು ಐ ಕಾಣುತ್ತದಲ್ಲ, ಅದು ಇದೇ. ಮ್ಯಾಕ್ 2009ರ ಸ್ನೋ ಲೆಪರ್ಡ್‌ನಿಂದ ಸಾವಿರದ ಲೆಕ್ಕಕ್ಕೆ ಬಂತು. ವಿಂಡೋಸ್ ಮಾತ್ರ ಇವತ್ತಿಗೂ ಗಿಬಿಬೈಟ್ ಎಣಿಸಿ ಜಿಬಿ ಎಂದು ಬರೆಯುತ್ತದೆ. ನನ್ನನ್ನು ಕೇಳಿದರೆ ಇಲ್ಲಿ ಡಿಸ್ಕಿನ ಡಬ್ಬಿಯ ಮೇಲೆ ಬರೆದಿದ್ದೇ ಸರಿ, ಪರದೆಯ ಮೇಲಿನ ಹೆಸರು ತಪ್ಪು.

ಬಾಯಿಲೆಕ್ಕ ಇಷ್ಟು ಸಾಕು. ಡಬ್ಬಿ ಮೇಲೆ ಜಿಬಿ ಇದ್ದರೆ 0.931ರಿಂದ ಗುಣಿಸಿ: 64 ಇದ್ದದ್ದು 59.6, 256 ಇದ್ದದ್ದು 238, 512 ಇದ್ದದ್ದು 476. 2 ಟಿಬಿ ಡಿಸ್ಕ್ 1.81 ಎಂದು ಕಾಣುತ್ತದೆ, 4 ಟಿಬಿ 3.63 ಎಂದು. ಪೆನ್‌ಡ್ರೈವ್‌ಗಳಲ್ಲಿ ಒಂದೆರಡು ಜಿಬಿ ಇನ್ನೂ ಕಡಿಮೆ ಬಂದರೂ ಗಾಬರಿ ಬೇಡ. ಲ್ಯಾಪ್‌ಟಾಪಿನ ಸಿ ಡ್ರೈವ್ ಇದಕ್ಕಿಂತ ಚಿಕ್ಕದಿದ್ದರೆ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ನೋಡಿ. ಡಿಸ್ಕಿನಲ್ಲೇ ಬೇರೆಯಾಗಿ ಕತ್ತರಿಸಿಟ್ಟ ರಿಕವರಿ, ಬೂಟ್ ಪಾರ್ಟಿಷನ್‌ಗಳು ಪಕ್ಕದಲ್ಲೇ ಕೂತಿರುತ್ತವೆ.

ಈ ಗುಣಾಕಾರಕ್ಕೆ ಹತ್ತಿರವೂ ಇಲ್ಲದ ಸಂಖ್ಯೆ ಬಂದರೆ

ಆಗ ದೋಷ ಹುಡುಕಬೇಕು. ಮೇಷ್ಟ್ರ ಡಿಸ್ಕಿನಲ್ಲಿ ಇವು ಇರಲಿಲ್ಲ, ಆದರೆ ರಿಪೇರಿಗೆ ಬರುವವುಗಳಲ್ಲಿ ಪದೇ ಪದೇ ಕಾಣುತ್ತೇನೆ.

16 ಜಿಬಿ ಪೆನ್‌ಡ್ರೈವ್ ನಾಲ್ಕೈದು ಎಂಬಿ ಎಂದು ತೋರಿಸಿದರೆ, ಹಿಂದೆ ಅದಕ್ಕೆ ಲಿನಕ್ಸ್ ಇಮೇಜ್ (ಲಿನಕ್ಸ್ ಹಾಕಲು ಬಳಸುವ ಫೈಲ್) ಬರೆದಿದ್ದಿರಾ ಎಂದು ಕೇಳಿ. ವಿಂಡೋಸ್‌ಗೆ ಆ ಇಮೇಜಿನ ಚಿಕ್ಕ ಬೂಟ್ ಪಾರ್ಟಿಷನ್ ಒಂದೇ ಕಂಡಿರುತ್ತದೆ. ಡಿಸ್ಕ್‌ಪಾರ್ಟ್‌ನಲ್ಲಿ ಪಾರ್ಟಿಷನ್ನುಗಳನ್ನು ಅಳಿಸುವ ಕ್ಲೀನ್ ಆಜ್ಞೆ ಕೊಟ್ಟು ಹೊಸದಾಗಿ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ. ಆದರೆ ಡಿಸ್ಕ್ ನಂಬರ್ ಆರಿಸುವಾಗ ಎರಡು ಸಲ ನೋಡಿ. ಕ್ಲೀನ್ ‘ಖಾತ್ರಿಯೇ?’ ಎಂದು ಕೇಳುವುದಿಲ್ಲ.

3 ಟಿಬಿ ಡಿಸ್ಕ್ 746 ಜಿಬಿ ಎಂದು ತೋರಿಸಿದರೆ, ಹಳೆಯ ಮೆಷೀನಿನಲ್ಲೋ ಹಳೆಯ ಡಿಸ್ಕ್ ಕವಚದಲ್ಲೋ 32 ಬಿಟ್ಟಿನ ಸೆಕ್ಟರ್ ಎಣಿಕೆ ಇದೆ ಎಂದರ್ಥ. ಎರಡರ 32ನೇ ಘಾತದಷ್ಟು ಸೆಕ್ಟರ್ ಆದಮೇಲೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಅಷ್ಟಕ್ಕೆ ಆಗುವುದು 2048. 2794ರಲ್ಲಿ ಅದನ್ನು ಕಳೆದರೆ 746. ಪಾರ್ಟಿಷನ್ ಪಟ್ಟಿ ಎಂಬಿಆರ್ ಎಂಬ ಹಳೆಯ ಮಾದರಿಯದಾದರೆ ಮೊದಲ 2 ಟಿಬಿ ಬಿಟ್ಟು ಉಳಿದದ್ದು ಬಳಕೆಗೆ ಸಿಗುವುದಿಲ್ಲ. ಹೊಸ ಮಾದರಿಯ ಜಿಪಿಟಿ ಮಾಡಬೇಕು, ಡೇಟಾ ಇದ್ದರೆ ಮೊದಲು ಬೇರೆ ಕಡೆ ಇಳಿಸಿ.

ಜಾಗ ಧಾರಾಳವಾಗಿದ್ದರೂ ದೊಡ್ಡ ವಿಡಿಯೋ ಒಂದು ಹೋಗದಿದ್ದರೆ ಫೈಲ್ ಸಿಸ್ಟಂ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸುವ ಪದ್ಧತಿ) ಫ್ಯಾಟ್32 ಇದೆಯೇ ನೋಡಿ. ಅದರಲ್ಲಿ ಒಂದು ಫೈಲ್ 4,29,49,67,295 ಬೈಟ್ ದಾಟುವಂತಿಲ್ಲ.

ಇನ್ನು ಬೈಟ್ ಸಂಖ್ಯೆಯೇ ಸುಳ್ಳಾಗುವ ಸಂದರ್ಭ. ಐನೂರು ರೂಪಾಯಿಗೆ ‘2 ಟಿಬಿ’ ಪೆನ್‌ಡ್ರೈವ್ ಸಿಕ್ಕಿತು ಎಂದು ಯಾರಾದರೂ ಖುಷಿಯಿಂದ ತಂದರೆ, ನಂಬಬೇಡಿ. ಒಳಗಿನ ಕಂಟ್ರೋಲರ್ ಕಂಪ್ಯೂಟರಿಗೆ ಹೇಳುವ ಸಂಖ್ಯೆಯನ್ನೇ ತಿದ್ದಿರುತ್ತಾರೆ. ಚಿಪ್ ತುಂಬಿದ ಮೇಲೆ ಬರೆದದ್ದು ಹಳೆಯದರ ಮೇಲೇ ಬೀಳುತ್ತದೆ ಅಥವಾ ಗಾಳಿಗೆ ಹೋಗುತ್ತದೆ. ಫೈಲಿನ ಹೆಸರು ಕಾಣುತ್ತದೆ, ತೆಗೆಯಲು ಹೋದರೆ ಇಲ್ಲ. ಪೂರ್ತಿ ತುಂಬಿಸಿ ಮತ್ತೆ ಓದಿ ನೋಡುವುದೇ ನಂಬಬಹುದಾದ ಪರೀಕ್ಷೆ. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ಗೆ ಎಫ್3 ಅದನ್ನೇ ಮಾಡುತ್ತವೆ.

ಕಾಪಿ ಆದಮೇಲೆ ಫೈಲ್ ಉಬ್ಬಿತೇ?

ಎರಡನೇ ದೂರು ಸಂಘದ ಮೆಷೀನಿನ ಉಬುಂಟು (ಲಿನಕ್ಸಿನ ಒಂದು ಬಗೆ) ಪರದೆ ನೋಡಿ ಬಂತು. ಒಂದು ಕ್ಯಾಸೆಟ್, ಸರಿಯಾಗಿ ಒಂದು ಗಂಟೆಯ ವೇವ್ ಫೈಲ್. ಮೇಷ್ಟ್ರ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ 605 ಎಂಬಿ ಇದ್ದದ್ದು ಇಲ್ಲಿ 635 ಎಂಬಿ. ‘ಏನೋ ಕೆಟ್ಟದ್ದು ಸೇರ್ಕೊಂಡಿದೆ, ವೈರಸ್ ಇರಬೇಕು’ ಎಂದರು.

ಈ ಫೈಲನ್ನು ಕೈಯಲ್ಲೇ ಲೆಕ್ಕ ಹಾಕಬಹುದು. ಸೆಕೆಂಡಿಗೆ 44,100 ಮಾದರಿ, ಒಂದೊಂದಕ್ಕೆ 2 ಬೈಟ್, ಎಡ ಬಲ ಎರಡು ಚಾನೆಲ್: 1,76,400 ಬೈಟ್. ಗಂಟೆಯ 3600 ಸೆಕೆಂಡಿಗೆ 63,50,40,000. ಫೈಲಿನ ತಲೆಪಟ್ಟಿಯ (ಹೆಡರ್) 44 ಬೈಟ್ ಸೇರಿಸಿದರೆ 63,50,40,044. ಎರಡೂ ಮೆಷೀನಿನ ಪ್ರಾಪರ್ಟೀಸ್‌ನಲ್ಲಿ ಬೈಟ್ ಸಾಲು ಅದೇ ಇತ್ತು. ಉಬುಂಟುವಿನ ಫೈಲ್ಸ್ ಸಾವಿರದಿಂದ ಭಾಗಿಸಿ 635 ಎನ್ನುತ್ತದೆ, ವಿಂಡೋಸ್ 1024ರಿಂದ ಭಾಗಿಸಿ 605 ಎನ್ನುತ್ತದೆ. ತಮಾಷೆ ಎಂದರೆ ಅದೇ ಉಬುಂಟುವಿನ ಟರ್ಮಿನಲ್ ವಿಂಡೋಸ್ ಪಕ್ಷ. ಡಿಸ್ಕಿನ ಜಾಗ ತೋರಿಸುವ ಡಿಎಫ್ ಆಜ್ಞೆಗೆ ಸ್ಮಾಲ್ ಎಚ್ ಕೊಟ್ಟರೆ 1024ರ ಲೆಕ್ಕ, ಕ್ಯಾಪಿಟಲ್ ಎಚ್ ಕೊಟ್ಟರೆ ಸಾವಿರದ ಲೆಕ್ಕ.

ಬೈಟ್ ಸಂಖ್ಯೆ ಒಂದೇ ಇದ್ದರೂ ಒಳಗಿರುವುದು ಒಂದೇ ಎಂದು ಖಾತ್ರಿ ಬೇಕಿದ್ದರೆ ಎರಡೂ ಕಡೆ ಎಸ್ಎಚ್ಎ256 ಮೊತ್ತ (ಫೈಲಿನ ಬೆರಳಚ್ಚಿನಂಥ ಉದ್ದ ಸಂಖ್ಯೆ) ತೆಗೆದು ಹೋಲಿಸಿ. ಮೇಷ್ಟ್ರು ಮೊದಲ ಹತ್ತು ಫೈಲಿಗೆ ತಾವೇ ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರ ತಾಳೆ ನೋಡಿದರು. ಹನ್ನೊಂದನೆಯದಕ್ಕೆ ಸಾಕೆಂದರು.

ಈ ಕಾಪಿಯನ್ನು ನೆಟ್‌ವರ್ಕ್ ಮೂಲಕ ಮಾಡಲಿಲ್ಲ, ಡಿಸ್ಕನ್ನೇ ನೇರ ಚುಚ್ಚಿದೆ. ಕಚೇರಿಯ ಹಳೆಯ ಸ್ವಿಚ್ ಮೇಲೆ ಬರೆದ 100 ಎಂಬಿ ಬಿಟ್ಟಿನದು, ಬೈಟಿನದಲ್ಲ. ಒಂದು ಬೈಟಿಗೆ ಎಂಟು ಬಿಟ್, ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಎಂಬಿ. ಮುನ್ನೂರು ಕ್ಯಾಸೆಟ್ಟಿನ 190 ಜಿಬಿಗೆ ನಾಲ್ಕು ಗಂಟೆಗೂ ಮೇಲಾಗುತ್ತಿತ್ತು.

8 ಎಂಬಿ ಫೋಲ್ಡರ್, ಡಿಸ್ಕಿನಲ್ಲಿ 500 ಎಂಬಿ

ಪ್ರತಿ ಹಾಡಿನ ಸಾಹಿತ್ಯಕ್ಕೂ ಮೇಷ್ಟ್ರು ಬೇರೆ ಬೇರೆ ಟೆಕ್ಸ್ಟ್ ಫೈಲ್ ಮಾಡಿದ್ದರು. ನಾಲ್ಕು ಸಾವಿರ ಫೈಲು, ಒಂದೊಂದು ಸುಮಾರು 2 ಕೆಬಿ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಸೈಜ್ 7.8 ಎಂಬಿ, ಅದರ ಕೆಳಗೆ ಸೈಜ್ ಆನ್ ಡಿಸ್ಕ್ 500 ಎಂಬಿ.

ಡಿಸ್ಕಿನ ಫೈಲ್ ಸಿಸ್ಟಂ ಎಕ್ಸ್‌ಫ್ಯಾಟ್ ಆಗಿತ್ತು. ದೊಡ್ಡ ಡಿಸ್ಕನ್ನು ವಿಂಡೋಸ್ ತಾನಾಗಿ ಎಕ್ಸ್‌ಫ್ಯಾಟ್ ಮಾಡಿದರೆ ಒಂದು ಕ್ಲಸ್ಟರ್ (ಫೈಲಿಗೆ ಕೊಡುವ ಅತಿ ಚಿಕ್ಕ ತುಂಡು) 128 ಕೆಬಿ. ಕ್ಲಸ್ಟರನ್ನು ಹಂಚಿಕೊಳ್ಳುವಂತಿಲ್ಲ, ಎರಡು ಕೆಬಿ ಫೈಲಿಗೂ ಪೂರ್ತಿ 128 ಬಿಟ್ಟುಕೊಡಬೇಕು. ಬಾಡಿಗೆ ಗೋದಾಮಿನಲ್ಲಿ ಒಂದು ಬುಟ್ಟಿ ಇಡಲೂ ಇಡೀ ಕೋಣೆ ಹಿಡಿದಂತೆ. ನಾಲ್ಕು ಸಾವಿರ ಕೋಣೆ ಗುಣಿಸು 128 ಎಂದರೆ ಸರಿಯಾಗಿ 500 ಎಂಬಿ. ಲಿನಕ್ಸ್‌ನ ಎಕ್ಸ್ಟ್4 ಫೈಲ್ ಸಿಸ್ಟಂನಲ್ಲಿ ಕೋಣೆ 4 ಕೆಬಿಯದು, ಅಲ್ಲಿ ಹೋದಮೇಲೆ ಅದೇ ಫೋಲ್ಡರ್ 16 ಎಂಬಿಯೊಳಗೆ ಕೂತಿತು.

ಇದು ದೋಷವಲ್ಲ, ಆದರೆ ಖರ್ಚು ನಿಜ. ಸಣ್ಣ ಫೈಲುಗಳ ರಾಶಿ ಇದ್ದರೆ ಜಿಪ್ ಮಾಡಿ ಒಯ್ಯಿರಿ. ಕಾಪಿಯೂ ಬೇಗ ಮುಗಿಯುತ್ತದೆ.

ಒಂದು ಲೆಕ್ಕ ಡಿಸ್ಕ್ ತುಂಬಿದೆ ಎನ್ನುತ್ತದೆ, ಇನ್ನೊಂದು ಇಲ್ಲ ಎನ್ನುತ್ತದೆ

ಇದು ಮೊದಲ ನಿಜವಾದ ದೋಷ. ಅರ್ಧ ಕಾಪಿ ಆಗುವಷ್ಟರಲ್ಲಿ ‘ಜಾಗ ಇಲ್ಲ’ ಎಂದು ನಿಂತಿತು. ಸಂಘದ ಮೆಷೀನಿನಲ್ಲೂ 1 ಟಿಬಿ ಡಿಸ್ಕೇ. ಡಿಎಫ್ ಹೇಳಿದ್ದು: ಒಟ್ಟು 916, ಬಳಕೆ 870, ಖಾಲಿ 0. ಮೂರು ಸಂಖ್ಯೆಯೂ ಪ್ರಶ್ನೆ ಎಬ್ಬಿಸುತ್ತವೆ.

931 ಇಲ್ಲಿ 916 ಆದದ್ದು ಎಕ್ಸ್ಟ್4 ತನ್ನ ಐನೋಡ್ ಪಟ್ಟಿಗೆ (ಪ್ರತಿ ಫೈಲಿನ ವಿವರ ಬರೆದಿಡುವ ಪಟ್ಟಿ) ಮೊದಲೇ ಜಾಗ ತೆಗೆದಿಡುವುದರಿಂದ. 916ರಲ್ಲಿ 870 ಕಳೆದರೆ 46 ಉಳಿಯಬೇಕಲ್ಲ, ಖಾಲಿ ಸೊನ್ನೆ ಹೇಗೆ? ಎಕ್ಸ್ಟ್4 ನೂರಕ್ಕೆ 5ರಷ್ಟನ್ನು ರೂಟ್ ಬಳಕೆದಾರನಿಗೆ, ಅಂದರೆ ಮೆಷೀನಿನ ಯಜಮಾನನಿಗೆ, ಮೀಸಲಿಡುತ್ತದೆ. ಸಿಸ್ಟಂ ಇರುವ ಪಾರ್ಟಿಷನ್ನಿನಲ್ಲಿ ಅದು ಇರಲೇಬೇಕು, ತುಂಬಿ ತುಳುಕಿದಾಗ ಒಳಗೆ ಹೋಗಿ ಸ್ವಚ್ಛ ಮಾಡಲು ಅದೇ ದಾರಿ. ಬರೀ ಡೇಟಾ ಇರುವ ಡಿಸ್ಕಿಗೆ ಟ್ಯೂನ್2ಎಫ್ಎಸ್‌ನಿಂದ ಒಂದಕ್ಕೆ ಇಳಿಸಬಹುದು.

ಇಷ್ಟೂ ಮಾಮೂಲು. ಉಳಿದ ಸಂಖ್ಯೆ, ಬಳಕೆಯ 870, ಅದೇ ಕಳ್ಳ. ಫೈಲುಗಳನ್ನು ಒಂದೊಂದಾಗಿ ಎಣಿಸಿ ಕೂಡುವ ಡಿಯು ಆಜ್ಞೆಯನ್ನು ರೂಟ್ ಆಗಿ ಓಡಿಸಿದರೆ ಒಟ್ಟು ಬಂದದ್ದು 610. ಡಿಎಫ್ ಪ್ರಕಾರ 870. ನಡುವೆ 260 ಜಿಬಿ ಯಾವ ಫೋಲ್ಡರಿನಲ್ಲೂ ಇಲ್ಲ.

ಡಿಎಫ್ ಡಿಸ್ಕಿನ ಬ್ಲಾಕ್ (ತುಂಡು) ಎಣಿಸುತ್ತದೆ, ಡಿಯು ಹೆಸರಿರುವ ಫೈಲ್ ಎಣಿಸುತ್ತದೆ. ಹೆಸರಿಲ್ಲದೆ ಬ್ಲಾಕ್ ಹಿಡಿದುಕೊಂಡಿರುವವರು ಇದ್ದರೆ ಇಬ್ಬರಿಗೂ ತಾಳೆಯಾಗುವುದಿಲ್ಲ. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ತೆರೆದು ಹಿಡಿದಿರುವ ಫೈಲನ್ನು ಅಳಿಸಿದರೆ ಹೆಸರು ಹೋಗುತ್ತದೆ, ಜಾಗ ಹೋಗುವುದಿಲ್ಲ. ಆ ಪ್ರೋಗ್ರಾಂ ಕೈಬಿಟ್ಟಾಗಲೇ ಬಿಡುಗಡೆ. ಅಂಥವನ್ನು ಪಟ್ಟಿ ಮಾಡಲು ಎಲ್ಎಸ್ಒಎಫ್ ಆಜ್ಞೆಗೆ ಕೂಡು ಚಿಹ್ನೆ, ಕ್ಯಾಪಿಟಲ್ ಎಲ್, ಒಂದು ಎಂದು ಕೊಡಬೇಕು. ಕೊಟ್ಟೆ. ಸಿಸಿಟಿವಿ ದೃಶ್ಯ ಕೂಡಿಡುವ ಪ್ರೋಗ್ರಾಮಿನ ಲಾಗ್ ಫೈಲ್, ಪಕ್ಕದಲ್ಲಿ ‘ಡಿಲೀಟೆಡ್’ ಎಂಬ ಮಾತು. ಯಾವುದೋ ಕ್ಯಾಮೆರಾ ಸತ್ತು, ಪ್ರೋಗ್ರಾಂ ಕ್ಷಣಕ್ಷಣಕ್ಕೂ ಅದೇ ದೂರು ಬರೆಯುತ್ತಾ ಕೂತಿತ್ತು. ಲಾಗ್ ದೊಡ್ಡದಾಯಿತೆಂದು ಕಚೇರಿಯ ಹುಡುಗ ಅಳಿಸಿದ್ದ. ‘ನಾನು ಡಿಲೀಟ್ ಮಾಡಿದ್ನಲ್ಲಾ ಸರ್’ ಎಂದು ಅವನೂ ಬೇಜಾರು ಮಾಡಿಕೊಂಡ, ಅವನ ತಪ್ಪೇನೂ ಇಲ್ಲ. ಆ ಸರ್ವಿಸ್ ರೀಸ್ಟಾರ್ಟ್ ಮಾಡಿದ ಮರುಕ್ಷಣ ಜಾಗ ಬಿಟ್ಟಿತು. ಇನ್ನು ಮುಂದೆ ಅಳಿಸುವ ಬದಲು ಲಾಗನ್ನು ಸೊನ್ನೆ ಬೈಟಿಗೆ ಮೊಟಕು ಮಾಡಲು ಹೇಳಿಕೊಟ್ಟೆ. ಕ್ಯಾಮೆರಾವನ್ನೂ ಬದಲಿಸಿದರು.

ಎಲ್ಎಸ್ಒಎಫ್‌ನಲ್ಲಿ ಏನೂ ಸಿಗದಿದ್ದರೆ ಇನ್ನೊಂದು ಜಾಗ ನೋಡಿ: ಬೇರೆ ಡಿಸ್ಕನ್ನು ಮೌಂಟ್ ಮಾಡುವ (ಜೋಡಿಸುವ) ಫೋಲ್ಡರಿನೊಳಗೆ ಮೌಂಟ್ ಆಗುವ ಮುಂಚೆಯೇ ಬಿದ್ದ ಫೈಲುಗಳು. ಮೇಲೆ ಚಾಪೆ ಹಾಸಿದ ಮೇಲೆ ಕೆಳಗಿನದು ಕಾಣುವುದಿಲ್ಲ. ಡಿಎಫ್ ಜಾಗ ಇದೆ ಎನ್ನುತ್ತಿದ್ದರೂ ‘ಜಾಗ ಇಲ್ಲ’ ಎಂದು ಬಂದರೆ ಡಿಎಫ್‌ಗೆ ಐ ಕೊಟ್ಟು ಐನೋಡ್ ಮುಗಿದಿದೆಯೇ ನೋಡಿ.

ರ್‍ಯಾಮ್ ಎಲ್ಲ ತಿಂದುಹಾಕಿತೇ?

ಕಾಪಿ ಓಡುತ್ತಿರುವಾಗ ಹುಡುಗ ಮೆಮೊರಿ ಲೆಕ್ಕ ತೋರಿಸುವ ಫ್ರೀ ಆಜ್ಞೆ ಹಾಕಿ ಹೌಹಾರಿದ. 4 ಜಿಬಿ ರ್‍ಯಾಮ್, ಒಟ್ಟು ಕಾಣಿಸುತ್ತಿರುವುದು 3.7, ಅದರಲ್ಲಿ ಫ್ರೀ 140 ಎಂಬಿ.

ರ್‍ಯಾಮ್ ವಿಷಯದಲ್ಲಿ ಡಬ್ಬಿಯ ಅಳತೆ 1024ರದೇ, ಹಾಗಾಗಿ 931ರ ಕಥೆ ಇಲ್ಲಿಲ್ಲ. ಕಾಣೆಯಾದದ್ದನ್ನು ಮದರ್‌ಬೋರ್ಡಿನ ಗ್ರಾಫಿಕ್ಸ್, ಫರ್ಮ್‌ವೇರ್, ಕರ್ನಲ್ ತಮಗೆಂದು ತೆಗೆದಿಟ್ಟುಕೊಂಡಿರುತ್ತವೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಇದನ್ನು ಹಾರ್ಡ್‌ವೇರ್ ರಿಸರ್ವ್ಡ್ ಎಂದು ಬರೆಯುತ್ತದೆ. ಆದರೆ 8 ಹಾಕಿದ ಮೆಷೀನಿನಲ್ಲಿ 4ರ ಹತ್ತಿರ ಕಂಡರೆ ಅದು ಬೇರೆ: ಒಂದು ಸ್ಟಿಕ್ ಸರಿಯಾಗಿ ಕೂತಿಲ್ಲ, ಇಲ್ಲವೇ 32 ಬಿಟ್ ವಿಂಡೋಸ್ ಹಾಕಿದ್ದಾರೆ.

ಫ್ರೀ ಎಂಬ ಕಾಲಂ ನೋಡಲೇಬೇಡಿ, ಅವೈಲಬಲ್ ನೋಡಿ. ಕಾಪಿ ಮಾಡುವಾಗ ಲಿನಕ್ಸ್ ಖಾಲಿ ರ್‍ಯಾಮಿನಲ್ಲೆಲ್ಲ ಡಿಸ್ಕಿನ ತುಣುಕುಗಳನ್ನು ತುಂಬಿಟ್ಟುಕೊಳ್ಳುತ್ತದೆ, ಯಾರಾದರೂ ಕೇಳಿದ ತಕ್ಷಣ ಬಿಟ್ಟುಕೊಡುತ್ತದೆ. ನಮ್ಮದರಲ್ಲಿ ಅವೈಲಬಲ್ 2.3 ಇತ್ತು. ಅದೂ ಇಳಿದು ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಏರುತ್ತಿದ್ದರೆ ಆಗ ಚಿಂತೆ ಮಾಡಿ.

ಹೆಸರು ಹಿಡಿಸದ ಫೈಲುಗಳು

ಎರಡನೇ ನಿಜವಾದ ದೋಷ ಕೊನೆಗೆ ಬಂತು. ನಾಲ್ಕು ಸಾವಿರ ಟೆಕ್ಸ್ಟ್ ಫೈಲಿನಲ್ಲಿ ಕೆಲವು ಕಾಪಿಯಾಗಲೇ ಇಲ್ಲ. ಜಾಗ ಬೇಕಾದಷ್ಟಿದೆ, ಡಿಸ್ಕ್ ಸರಿಯಿದೆ, ಫೈಲ್ ಎರಡೇ ಕೆಬಿ. ಸಂದೇಶ: ಫೈಲ್ ನೇಮ್ ಟೂ ಲಾಂಗ್.

ಮೇಷ್ಟ್ರು ಫೈಲಿಗೆ ಹಾಡಿನ ಮೊದಲ ಸಾಲು ಪೂರ್ತಿ, ಹಾಡಿದವರ ಹೆಸರು, ಅವರ ಊರು, ಹೋಬಳಿ, ತಾಲ್ಲೂಕು, ದಿನಾಂಕ ಇಷ್ಟನ್ನೂ ಹೆಸರಾಗಿ ಇಟ್ಟಿದ್ದರು. ವಿಂಡೋಸ್‌ನಲ್ಲಿ ಸಲೀಸಾಗಿ ಹಿಡಿಸಿತ್ತು, ಎಕ್ಸ್‌ಫ್ಯಾಟ್ ಡಿಸ್ಕಿನಲ್ಲೂ ಹಿಡಿಸಿತ್ತು. ಎಕ್ಸ್ಟ್4 ಬೇಡವೆಂದಿತು. ಮೂರೂ ಕಡೆ ಮಿತಿ 255 ಎಂದೇ ಬರೆದಿರುತ್ತಾರೆ. ಆದರೆ ಮೊದಲೆರಡರಲ್ಲಿ 255 ಯೂನಿಕೋಡ್ ಸಂಕೇತ, ಎಕ್ಸ್ಟ್4ನಲ್ಲಿ 255 ಬೈಟ್. ಇಂಗ್ಲಿಷಿನವರಿಗೆ ಒಂದು ಅಕ್ಷರ ಒಂದೇ ಬೈಟ್, ಅವರಿಗೆ ಈ ವ್ಯತ್ಯಾಸ ತಟ್ಟುವುದೇ ಇಲ್ಲ. ಯೂನಿಕೋಡನ್ನು ಬೈಟಿಗಿಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್.

ಅದೂ ಅಕ್ಷರಕ್ಕಲ್ಲ, ಸಂಕೇತಕ್ಕೆ. ‘ಕನ್ನಡ’ ಎಂದು ಬರೆದರೆ ನಮಗೆ ಮೂರಕ್ಷರ. ಮೆಷೀನಿಗೆ ಕ, ನ, ವಿರಾಮ (ಒತ್ತಕ್ಷರ ಮಾಡುವ ಚಿಹ್ನೆ), ನ, ಡ ಎಂಬ ಐದು, 15 ಬೈಟ್. ‘ಸ್ತ್ರೀ’ ಒಂದೇ ಅಕ್ಷರ, ಒಳಗೆ ಆರು ಸಂಕೇತ, 18 ಬೈಟ್. ಲಿನಕ್ಸಿನ ಎಕೋ ಆಜ್ಞೆಯಿಂದ, ಎಣಿಸುವ ಡಬ್ಲ್ಯೂಸಿ ಆಜ್ಞೆಗೆ ಕಳಿಸಿ ನೀವೇ ಎಣಿಸಬಹುದು, ಆದರೆ ‘ಕನ್ನಡ’ಕ್ಕೆ 16 ಎಂದು ಬರುತ್ತದೆ, ಸಾಲಿನ ಕೊನೆಯ ಎಂಟರ್‌ಗೆ ಒಂದು ಬೈಟ್ ಸೇರಿರುತ್ತದೆ. ಹಳೆಯ ನುಡಿ ಆಸ್ಕಿ ಫಾಂಟಿನಲ್ಲಿ ಇದೇ ಪದಕ್ಕೆ 7 ಬೈಟ್ ಸಾಕಿತ್ತು. ನುಡಿಯಿಂದ ಯೂನಿಕೋಡಿಗೆ ಬದಲಿಸಿದ ಟೆಕ್ಸ್ಟ್ ಫೈಲ್ ಎರಡು ಪಟ್ಟು ಆಯಿತು ಎಂದು ಗಾಬರಿಯಾಗುವವರಿಗೂ ಉತ್ತರ ಇಲ್ಲೇ ಇದೆ.

ಹಾಗಾಗಿ ಎಕ್ಸ್ಟ್4ನಲ್ಲಿ ಪೂರ್ತಿ ಕನ್ನಡದ ಹೆಸರಿಗೆ ಸಿಗುವುದು 85 ಸಂಕೇತ, ನಮ್ಮ ಕಣ್ಣಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ನಲವತ್ತು ನಲವತ್ತೈದು ಅಕ್ಷರ. ಇ-ಕ್ರಿಪ್ಟ್‌ಎಫ್ಎಸ್‌ನಿಂದ ಗೂಢೀಕರಿಸಿದ ಫೋಲ್ಡರ್ ಆಗಿದ್ದರೆ ಮಿತಿ 143 ಬೈಟಿಗೆ ಇಳಿಯುತ್ತದೆ, ಆಗ 47 ಸಂಕೇತ ಅಷ್ಟೇ. ಕಾಪಿಗೆ ಮುಂಚೆಯೇ ಹೆಸರುಗಳ ಪಟ್ಟಿ ತೆಗೆದು ಯಾವುದು 255 ಬೈಟ್ ದಾಟುತ್ತದೆ ಎಂದು ಸಣ್ಣ ಸ್ಕ್ರಿಪ್ಟಿನಿಂದ ಸೋಸುವುದು ಒಳ್ಳೆಯದು. ನಾನು ಅದನ್ನು ಮಾಡಿರಲಿಲ್ಲ.

‘ಹೆಸರು ಮೊಟಕು ಮಾಡೋಣ ಸರ್’ ಎಂದೆ.

‘ಯಾವ್ದು ತೆಗೀತೀಯಪ್ಪಾ? ಹಾಡಿದೋಳ ಹೆಸರಾ, ಊರಾ?’

ತೆಗೆಯುವುದಕ್ಕೆ ನನಗೂ ಏನೂ ಕಾಣಲಿಲ್ಲ. ಕೊನೆಗೆ ಪ್ರತಿ ಫೈಲಿಗೂ ಕ್ಯಾಸೆಟ್ ಸಂಖ್ಯೆ, ಹಾಡಿನ ಸಂಖ್ಯೆ ಎರಡನ್ನೇ ಹೆಸರಾಗಿ ಕೊಟ್ಟು, ಉದ್ದದ ಹೆಸರನ್ನು ಫೈಲಿನೊಳಗೆ ಮೊದಲ ಸಾಲಾಗಿ ಸೇರಿಸುವ ಸ್ಕ್ರಿಪ್ಟ್ ಬರೆದೆ. ಎಲ್ಲ ಹೆಸರುಗಳ ಪಟ್ಟಿಯನ್ನು ಒಂದು ಸ್ಪ್ರೆಡ್‌ಶೀಟಿನಲ್ಲೂ ಇಟ್ಟೆ. ಫೈಲಿನೊಳಗೆ ಬರೆಯಲು 255ರ ಕಾಟವಿಲ್ಲ ಎಂದಾಗ ಮೇಷ್ಟ್ರು ಕೆಲವಕ್ಕೆ ಹಾಡಿದವರ ತವರೂರನ್ನೂ ಸೇರಿಸಿಸಿದರು.